ಮೊಬೈಲಿನ ಚಿಪ್ ಮಾಡುವ ಊಹೆ

ನಿಮ್ಮ ಮನೆಯಲ್ಲಿ ಮೊಬೈಲ್ ಇದೆಯೇ? ಅದರಲ್ಲಿ ಏನೇನಿದೆ? ಮಕ್ಕಳ ಫೋಟೋ ಇದೆ. ನೆಂಟರ ನಂಬರ್ ಇದೆ. ಬ್ಯಾಂಕಿನ ಲೆಕ್ಕವೂ ಇದೆ. ಬೇರೆಯವರು ನೋಡಬಾರದು ಅಂತ ನಾವು ಫೋನಿಗೆ ಬೀಗ ಹಾಕುತ್ತೇವೆ.

ಬೀಗ ಗಟ್ಟಿ. ಆದರೆ ಗೋಡೆಯೇ ಬಿರುಕು ಬಿಟ್ಟಿದ್ದರೆ? 2018ರ ಜನವರಿಯಲ್ಲಿ ಅಂಥದೇ ಸುದ್ದಿ ಬಂತು.

ಮೊಬೈಲಿನ ಒಳಗೆ ಪ್ರೊಸೆಸರ್ ಎಂಬ ಚಿಪ್ ಇರುತ್ತದೆ. ಬೆರಳಿನ ಉಗುರಿನಷ್ಟು ಚಿಕ್ಕದು. ಫೋನಿನ ಕೆಲಸವನ್ನೆಲ್ಲ ನಡೆಸುವುದು ಅದೇ. ಬೇಗ ಮುಗಿಸಲು ಅದು ಮುಂದಿನ ಕೆಲಸವನ್ನು ಊಹಿಸಿ ಮೊದಲೇ ಶುರು ಮಾಡುತ್ತದೆ. ಊಹೆ ತಪ್ಪಾದರೆ ಬಿಟ್ಟುಬಿಡುತ್ತದೆ. ಆದರೆ ಗುರುತು ಉಳಿಯುತ್ತದೆ.

ಅದು ಹೇಗೆ? ಒಂದು ಹೋಟೆಲ್ ಇದೆ ಅನ್ನಿ. ಒಬ್ಬ ಯಜಮಾನರು ದಿನಾ ಪೂರಿ ತಿನ್ನುತ್ತಾರೆ. ಅವರು ಬಾಗಿಲಲ್ಲಿ ಕಂಡ ಕೂಡಲೇ ಭಟ್ಟರು ಕೇಳದೆಯೇ ಎಣ್ಣೆ ಕಾಯಿಸುತ್ತಾರೆ. "ಇವತ್ತು ಪೂರಿ ಬೇಡ, ಕಾಫಿ ಸಾಕು" ಅಂದರು ಯಜಮಾನರು. ಎಣ್ಣೆ ಕಾದೇ ಇದೆ. ಆಮೇಲೆ ಬಂದವನು ಪೂರಿ ಕೇಳಿದ. ತಟ್ಟನೆ ಬಂತು. "ಓಹೋ, ಯಜಮಾನರು ಪೂರಿ ತಿನ್ನೋರು" ಅಂತ ಅವನು ತಿಳಿದುಕೊಂಡ. ಯಾರೂ ಹೇಳಲಿಲ್ಲ. ಹೊತ್ತು ಅಳೆದೇ ತಿಳಿದ!

ಕಳ್ಳ ಆ್ಯಪ್ ಮಾಡುವುದೂ ಇದನ್ನೇ. ಚಿಪ್ ತಪ್ಪು ಊಹೆ ಮಾಡುವಂತೆ ಪುಸಲಾಯಿಸುತ್ತದೆ. ಆಗ ಚಿಪ್ ಮುಟ್ಟಬಾರದ ಗುಟ್ಟನ್ನು ಮುಟ್ಟುತ್ತದೆ. ಯಾವುದು ಬೇಗ ಬಂತು ಎಂದು ಅಳೆದು ಆ್ಯಪ್ ಗುಟ್ಟನ್ನು ಚೂರುಚೂರಾಗಿ ಕದಿಯುತ್ತದೆ.

ಈ ದೋಷದ ಹೆಸರು ಸ್ಪೆಕ್ಟರ್. ಹಾಗೆಂದರೆ ದೆವ್ವ. ಇಂಟೆಲ್, ಎಎಂಡಿ, ಆರ್ಮ್ ಕಂಪನಿಗಳ ಎಷ್ಟೋ ಚಿಪ್‌ಗಳಲ್ಲಿ ಇದು ಇತ್ತು. ಐಫೋನನ್ನೂ ಬಿಡಲಿಲ್ಲ. ತಮಾಷೆ ನೋಡಿ, ಕಾರ್ಟೆಕ್ಸ್ ಎ53 ಎಂಬ ಸಾದಾ ಚಿಪ್ ಮಾತ್ರ ಇದ್ದ ಅಗ್ಗದ ಫೋನುಗಳಿಗೆ ಇದು ತಗಲಲಿಲ್ಲ. ಆ ಚಿಪ್ ಅಷ್ಟು ಮುಂದಕ್ಕೆ ಊಹೆ ಮಾಡುವುದೇ ಇಲ್ಲ!

ತಯಾರಾದ ಚಿಪ್ಪನ್ನು ತಿದ್ದಲು ಆಗದು. ಆದರೆ ಕಳ್ಳನ ದಾರಿಯನ್ನು ಕಷ್ಟ ಮಾಡಬಹುದು. ಅದಕ್ಕೆ ಕಂಪನಿಗಳು ಅಪ್‌ಡೇಟ್ ಕಳಿಸುತ್ತವೆ. ಆಪಲ್, ಗೂಗಲ್ ಆ ತಿಂಗಳೇ ಕಳಿಸಿದವು. ಚಿಪ್‌ಗಳಲ್ಲಿ ಆಮೇಲೂ ಹೊಸ ದೋಷಗಳು ಸಿಕ್ಕಿವೆ. ಆದರೆ ಫೋನು ಹಳತಾದರೆ ಅಪ್‌ಡೇಟ್ ಬರುವುದೇ ನಿಂತುಹೋಗುತ್ತದೆ. ಫೋನು ಚೆನ್ನಾಗೇ ನಡೆಯುತ್ತಿದ್ದರೂ ಅಷ್ಟೆ. ಇದು ನ್ಯಾಯವೇ? ಸಾಲ ಮಾಡಿ ಕೊಂಡವರು ಏನು ಮಾಡಬೇಕು?

ನಮ್ಮ ಕೈಲಾಗುವುದೂ ಇದೆ. ಗೊತ್ತಿಲ್ಲದವರು ಕಳಿಸಿದ ಲಿಂಕ್ ಒತ್ತಬೇಡಿ. ಸಿಕ್ಕಸಿಕ್ಕ ಆ್ಯಪ್ ಹಾಕಿಕೊಳ್ಳಬೇಡಿ. ಅಪ್‌ಡೇಟ್ ಬಂದರೆ "ನಾಳೆ" ಅನ್ನಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆಯಿರಿ. ಸೆಕ್ಯುರಿಟಿ ಅಪ್‌ಡೇಟ್ ಎಂಬಲ್ಲಿ ಒಂದು ತಾರೀಕು ಇರುತ್ತದೆ. ನೀವೇ ಓದಿ. ಅದು ಎಷ್ಟು ತಿಂಗಳು ಹಳೆಯದು? ಲೆಕ್ಕ ಹಾಕಿ.