ತಲೆ ಅವಳದು, ತೀರ್ಮಾನ ಯಾರದು?

ಮಂಚೇನಹಳ್ಳಿ: ಇರಾನ್ ಅಂದರೆ ಬೇರೆ ಊರಿನವರಿಗೆ ಪೆಟ್ರೋಲ್ ದರದ ಸುದ್ದಿ. ಈ ಸೀಮೆಯವರಿಗೆ ಅಷ್ಟೇ ಅಲ್ಲ. ಗೌರಿಬಿದನೂರು ಕಡೆ ಓಡಾಡುವವರಿಗೆಲ್ಲ ಅಲೀಪುರ ಗೊತ್ತು. ಹರಳು ಸಾಣೆ ಹಿಡಿಯುವ, ಷಿಯಾ ಮುಸ್ಲಿಮರೇ ಹೆಚ್ಚಿರುವ ಊರು. ಧರ್ಮಶಾಸ್ತ್ರ ಕಲಿಯಲು, ಡಾಕ್ಟರಿಕೆ ಓದಲು ಅಲ್ಲಿನ ಮಕ್ಕಳು ಇರಾನಿಗೆ ಹೋಗುತ್ತಾರೆ. 2025ರ ಜೂನ್‌ನಲ್ಲಿ ಟೆಹರಾನ್ ಮೇಲೆ ಇಸ್ರೇಲಿನ ಬಾಂಬು ಬಿದ್ದಾಗ ಅಲೀಪುರದ ಮನೆಗಳಲ್ಲಿ ನಿದ್ದೆ ಹಾರಿತ್ತು.

ಅದೇ ಟೆಹರಾನಿನಲ್ಲಿ 2022ರ ಸೆಪ್ಟೆಂಬರ್ 16ರಂದು ಮಹ್ಸಾ ಅಮೀನಿ ಎಂಬ 22 ವರ್ಷದ ಕುರ್ದಿ ಹುಡುಗಿ ತೀರಿಕೊಂಡಳು. ತಲೆವಸ್ತ್ರ ಸರಿಯಾಗಿ ಹಾಕಿಲ್ಲ ಅಂತ ಪೊಲೀಸರು ಹಿಡಿದೊಯ್ದಿದ್ದರು. ಆಕೆಯ ಸಾವಿಗೆ ಹಿಂಸೆಯೇ ಕಾರಣ ಎಂದು ವಿಶ್ವಸಂಸ್ಥೆಯ ತನಿಖಾ ತಂಡ 2024ರಲ್ಲಿ ಹೇಳಿತು.

ಹೆಂಗಸರು ಬೀದಿಗಿಳಿದರು. ತಲೆವಸ್ತ್ರ ಸುಟ್ಟರು, ಕೂದಲು ಕತ್ತರಿಸಿಕೊಂಡರು. 'ಮಹಿಳೆ, ಬದುಕು, ಸ್ವಾತಂತ್ರ್ಯ' ಎಂಬ ಕೂಗೆದ್ದಿತು. ಸರ್ಕಾರ ಗುಂಡು ಹಾರಿಸಿತು, ಕೆಲವರನ್ನು ಗಲ್ಲಿಗೂ ಹಾಕಿತು. ನವೆಂಬರಿನಲ್ಲಿ ಮೂರು ದಿನ, ಡಿಸೆಂಬರಿನಲ್ಲಿ ಮೂರು ದಿನ ಹಲವು ಊರುಗಳ ಅಂಗಡಿಯವರು ಬಾಗಿಲು ಹಾಕಿದರು. ಗಲ್ಲಾಪೆಟ್ಟಿಗೆ ಖಾಲಿ ಬಿಟ್ಟು ಕೂರುವುದು ಎಷ್ಟು ಕಷ್ಟ ಅಂತ ವ್ಯಾಪಾರಸ್ಥರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಒಳಗಿದ್ದವರು ಬಾಯಿ ಬಿಟ್ಟರೆ ಜೈಲು. ಅವರ ಪರ ಕೂಗಿದವರು ದೇಶ ಬಿಟ್ಟು ಹೋಗಿದ್ದ ಇರಾನಿಗಳು. ಅದೇ ಅಕ್ಟೋಬರ್ 22ರಂದು ಬರ್ಲಿನ್‌ನಲ್ಲಿ ಸೇರಿದವರು ಪೊಲೀಸರ ಲೆಕ್ಕದಲ್ಲೇ ಸುಮಾರು 80,000 ಜನ. 2023ರ ನೊಬೆಲ್ ಶಾಂತಿ ಪ್ರಶಸ್ತಿ ನರ್ಗೆಸ್ ಮೊಹಮ್ಮದಿಗೆ ಬಂದಾಗ ಆಕೆ ಜೈಲಿನಲ್ಲಿದ್ದರು. ಪ್ಯಾರಿಸ್‌ನಲ್ಲಿದ್ದ 17 ವರ್ಷದ ಅವಳಿ ಮಕ್ಕಳು ಓಸ್ಲೋಗೆ ಹೋಗಿ ತಾಯಿಯ ಪ್ರಶಸ್ತಿ ತೆಗೆದುಕೊಂಡರು.

ಅದೇ 2022ರಲ್ಲಿ ಕರ್ನಾಟಕದ ಕಥೆ ತಿರುಗಾಮುರುಗಾ. ಉಡುಪಿಯ ಹುಡುಗಿಯರು ಹಿಜಾಬ್ ಹಾಕಿಕೊಂಡೇ ಓದುತ್ತೇವೆ ಅಂದರು. ಕಾಲೇಜು ಬಾಗಿಲು ಮುಚ್ಚಿತು. ಫೆಬ್ರವರಿ 5ಕ್ಕೆ ಸರ್ಕಾರದ ಆದೇಶ ಬಂತು, ಮಾರ್ಚ್ 15ಕ್ಕೆ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ವಕೀಲರು ಇರಾನಿನ ಹೆಂಗಸರನ್ನೇ ಉದಾಹರಣೆಗೆ ತಂದರು. ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಇಬ್ಭಾಗವಾಯಿತು. ಇದು ಹುಡುಗಿಯ ಇಷ್ಟಕ್ಕೆ ಬಿಟ್ಟದ್ದು, ಅವಳ ಓದು ನಿಲ್ಲಬಾರದು ಎಂದವರು ನ್ಯಾಯಮೂರ್ತಿ ಸುಧಾಂಶು ಧುಲಿಯಾ.

ಅಲ್ಲಿ ತೆಗೆದವಳಿಗೆ ಜೈಕಾರ, ಇಲ್ಲಿ ಹಾಕಿದವಳಿಗೆ ಗೇಟು ಬಂದ್. ಇನ್ನು ಕೆಲವರಿಗೆ ಇಲ್ಲಿ ಹಾಕುವುದು ಹಕ್ಕು, ಅಲ್ಲಿ ತೆಗೆದು ಸತ್ತವಳ ಬಗ್ಗೆ ಮಾತೇ ಇಲ್ಲ. ಇಬ್ಬರ ತಕ್ಕಡಿಯೂ ಸರಿಯಿಲ್ಲ. ಹಾಕು ಅನ್ನುವ ಲಾಠಿಯೂ ಲಾಠಿಯೇ, ತೆಗೆ ಅನ್ನುವ ಲಾಠಿಯೂ ಲಾಠಿಯೇ.

ಹಾಗಂತ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತ ಬುರ್ಖಾದ ಹೆಣ್ಣುಮಗಳನ್ನು ಹಿಡಿದು ಟೆಹರಾನ್ ಸರ್ಕಾರದ ಲೆಕ್ಕ ಕೇಳುವುದು ಯಾವ ನ್ಯಾಯ? ಇರಾನಿನ ಹೆಂಗಸರ ಮೇಲೆ ನಿಜವಾಗಿ ಕನಿಕರವಿದ್ದರೆ ಕೆಲಸ ಮನೆಯಲ್ಲೇ ಇದೆ. ಮಗಳು ಏನು ಉಡಬೇಕು, ಎಲ್ಲಿವರೆಗೆ ಓದಬೇಕು, ಯಾರನ್ನು ಮದುವೆಯಾಗಬೇಕು ಎಂದು ನಿರ್ಧರಿಸುವ ಮೊದಲು ಅವಳನ್ನೇ ಒಂದು ಮಾತು ಕೇಳಬೇಕು. ಅದಕ್ಕೆ ಯಾವ ಜಾತಿ, ಯಾವ ಧರ್ಮದ ಮನೆಯೂ ಹೊರತಲ್ಲ.