ಅಪ್‌ಡೇಟ್ ಕೈಕೊಟ್ಟಿತೇ? ಎಲ್ಲಿ ನಿಂತಿತು ನೋಡಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಜಕ್ಕೂರು ಕೆರೆಯ ಏರಿಯ ಮೇಲೆ ಉದ್ದ ಲೆನ್ಸುಗಳದೇ ಸಾಲು. ನೀರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ. ತಲೆಯ ಮೇಲೆ ಜಕ್ಕೂರು ಏರೋಡ್ರೋಮಿನಿಂದ ಎದ್ದ ಪುಟ್ಟ ತರಬೇತಿ ವಿಮಾನ. ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಇರುವ ಫೆಬ್ರವರಿಯಾದರೆ ಯಲಹಂಕ ವಾಯುನೆಲೆಯ ಕಡೆಯಿಂದ ಗುಡುಗುತ್ತ ಬರುವ ಯುದ್ಧವಿಮಾನ. ಹಾರುವ ಈ ಎರಡು ಬಗೆಯನ್ನೂ ಇಂದಿನ ಕ್ಯಾಮೆರಾ ಬೇರೆಬೇರೆಯಾಗಿ ಗುರುತಿಸಬಲ್ಲದು. ಹಕ್ಕಿಯಾದರೆ ಅದರ ಕಣ್ಣನ್ನೇ ಹುಡುಕಿ ಫೋಕಸ್ ಮಾಡಬಲ್ಲದು.

ಈ ಜಾಣತನ ಎಲ್ಲ ಕ್ಯಾಮೆರಾಗಳಿಗೂ ಹುಟ್ಟಿನಿಂದ ಬಂದದ್ದಲ್ಲ. ನಿಕಾನ್ ಝಡ್8 ಕ್ಯಾಮೆರಾ 2023ರ ಮೇ ತಿಂಗಳಲ್ಲಿ ಬಂದಾಗ ಅದರಲ್ಲಿ ವಿಮಾನಕ್ಕೆ ಪ್ರತ್ಯೇಕ ಆಯ್ಕೆ ಇತ್ತು, ಹಕ್ಕಿಗೆ ಇರಲಿಲ್ಲ. ಹಕ್ಕಿ ಪ್ರಾಣಿಗಳ ಗುಂಪಿನಲ್ಲೇ ಸೇರಿಕೊಂಡಿತ್ತು. 2024ರ ಫೆಬ್ರವರಿಯಲ್ಲಿ ಬಂದ 2.00 ಆವೃತ್ತಿಯ ಫರ್ಮ್‌ವೇರ್ ಹಕ್ಕಿಗೂ ಬೇರೆ ಆಯ್ಕೆ ಕೊಟ್ಟಿತು. ಫರ್ಮ್‌ವೇರ್ ಎಂದರೆ ಕ್ಯಾಮೆರಾದೊಳಗೇ ಕೂತು ಅದನ್ನು ನಡೆಸುವ ಪ್ರೋಗ್ರಾಂ. ಸೋನಿ ಎ7-3ಕ್ಕೆ 2019ರ ಏಪ್ರಿಲ್‌ನಲ್ಲಿ ಸಿಕ್ಕ 3.00 ಆವೃತ್ತಿ ಪ್ರಾಣಿಗಳ ಕಣ್ಣು ಹಿಡಿಯುವುದನ್ನು ಕಲಿಸಿತು, ಆದರೆ ಅದು ನಾಯಿ ಬೆಕ್ಕುಗಳಿಗೆ ಹೊಂದಿದ ವಿದ್ಯೆ. ಕ್ಯಾನನ್ 5ಡಿ ಮಾರ್ಕ್-2 ಕತೆ ಇನ್ನೂ ಹಳೆಯದು. 2008ರಲ್ಲಿ ಬಂದ ಆ ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮಿನ ವಿಡಿಯೊ ಮಾತ್ರ ತೆಗೆಯುತ್ತಿತ್ತು. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ನದು. ಅದರಲ್ಲಿ ಉರಿಯುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 30 ಫ್ರೇಮಿಗೆ ಹಂಚಿದರೆ ಲೆಕ್ಕ ಸರಿಹೋಗದೆ ಚಿತ್ರ ಮಿನುಗುತ್ತದೆ. 25 ಫ್ರೇಮಾದರೆ ಪ್ರತಿಯೊಂದಕ್ಕೂ ನಾಲ್ಕು ಏರಿಳಿತ ಸರಿಯಾಗಿ ಸಿಗುತ್ತದೆ. ಆ 25 ಫ್ರೇಮಿನ ಸೌಲಭ್ಯ ಬಂದದ್ದು 2010ರ ಮಾರ್ಚ್‌ನಲ್ಲಿ, ಒಂದು ಫರ್ಮ್‌ವೇರ್ ಫೈಲಿನ ರೂಪದಲ್ಲಿ.

ಹೀಗೆ ಕಾಸು ಖರ್ಚಿಲ್ಲದೆ ಕ್ಯಾಮೆರಾ ಬೆಳೆಯುವುದು ಸಂತೋಷದ ಸಂಗತಿ. ಆದರೆ ಅಪ್‌ಡೇಟ್ ನಡುವೆ ಪರದೆ ಕಪ್ಪಾಯಿತೆಂದರೆ ಲಕ್ಷಾಂತರ ರೂಪಾಯಿಯ ಯಂತ್ರ ಇಟ್ಟಿಗೆಯಾಯಿತೇನೋ ಎಂದು ಜೀವ ಬಾಯಿಗೆ ಬರುತ್ತದೆ. ಹೆದರುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅದು ಯಾವ ಘಟ್ಟದಲ್ಲಿ ನಿಂತಿತು? ಅಪ್‌ಡೇಟಿಗೆ ಮೂರು ಘಟ್ಟಗಳಿವೆ. ಫೈಲನ್ನು ಓದಿ ಪರೀಕ್ಷಿಸುವುದು ಮೊದಲನೆಯದು, ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು ಎರಡನೆಯದು, ಹೊಸದರೊಂದಿಗೆ ಏಳುವುದು ಮೂರನೆಯದು. ಮೂರಕ್ಕೂ ರೋಗಲಕ್ಷಣ ಬೇರೆ, ಮದ್ದೂ ಬೇರೆ.

ಮೊದಲ ಘಟ್ಟ: ಫೈಲೇ ಸಿಗಲಿಲ್ಲ

ಅಪ್‌ಡೇಟ್ ವಿಫಲವಾಯಿತು ಎಂಬ ದೂರುಗಳಲ್ಲಿ ಹಲವು ನಿಜವಾಗಿ ಶುರುವೇ ಆಗದ ಅಪ್‌ಡೇಟುಗಳು. ಮೆನುವಿನಲ್ಲಿ ಆಯ್ಕೆ ಮಂಕಾಗಿರುತ್ತದೆ, ಅಥವಾ ಕಾರ್ಡಿನಲ್ಲಿ ಫರ್ಮ್‌ವೇರ್ ಇಲ್ಲ ಎಂಬ ಸಂದೇಶ ಬರುತ್ತದೆ. ಇಲ್ಲಿ ಕ್ಯಾಮೆರಾಗೆ ಏನೂ ಆಗಿಲ್ಲ. ಹಳೆಯ ಫರ್ಮ್‌ವೇರ್ ಇದ್ದಲ್ಲೇ ಇದೆ.

ಕಾರಣಗಳು ಸಾಮಾನ್ಯವಾಗಿ ಸಣ್ಣವು. ಇಳಿಸಿಕೊಂಡ ಜಿಪ್ ಫೈಲನ್ನು ಬಿಚ್ಚದೆ ಹಾಗೇ ಕಾರ್ಡಿಗೆ ಹಾಕಿರುತ್ತೇವೆ. ಬಿಚ್ಚಿದ್ದರೂ ಯಾವುದೋ ಫೋಲ್ಡರಿನೊಳಗೆ ಇಟ್ಟಿರುತ್ತೇವೆ. ಬಹುತೇಕ ಕ್ಯಾಮೆರಾಗಳು ಫೋಲ್ಡರುಗಳನ್ನು ತಡಕುವುದಿಲ್ಲ, ಕಾರ್ಡು ತೆರೆದ ಕೂಡಲೆ ಎದುರಿಗೆ ಕಾಣುವ ಜಾಗದಲ್ಲಿ ಮಾತ್ರ ನೋಡುತ್ತವೆ. ಎರಡು ಸ್ಲಾಟ್ ಇರುವ ಕ್ಯಾಮೆರಾ ಒಂದನೇ ಸ್ಲಾಟನ್ನಷ್ಟೇ ನೋಡಬಹುದು. ಒಂದೇ ಫೈಲನ್ನು ಎರಡು ಸಲ ಇಳಿಸಿಕೊಂಡರೆ ಕಂಪ್ಯೂಟರು ಎರಡನೆಯದರ ಹೆಸರಿನ ಕೊನೆಗೆ ತಾನಾಗಿ '(1)' ಎಂದು ಸೇರಿಸುತ್ತದೆ. ನಮಗೆ ಅದು ಲೆಕ್ಕಕ್ಕಿಲ್ಲದ ವ್ಯತ್ಯಾಸ. ಫ್ಯೂಜಿಫಿಲ್ಮ್‌ನಂಥ ಕ್ಯಾಮೆರಾಗಳು ಹುಡುಕುವುದು ಅಕ್ಷರ ಅಕ್ಷರವೂ ಸರಿಯಿರುವ ಹೆಸರನ್ನು. ಆವರಣದೊಳಗಿನ ಆ ಒಂದು ಅಂಕಿಯಿಂದ ಫೈಲು ಅವುಗಳ ಪಾಲಿಗೆ ಇಲ್ಲವಾಗುತ್ತದೆ.

ಕಾರ್ಡಿನ ವ್ಯವಸ್ಥೆಯೂ ಕಾರಣವಾಗಬಹುದು. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳು ಫ್ಯಾಟ್32 ಎಂಬ ಕ್ರಮದಲ್ಲಿ ಫೈಲುಗಳನ್ನು ಜೋಡಿಸುತ್ತವೆ. 64 ಜಿಬಿಯಿಂದ ಮೇಲಿನ ಎಸ್‌ಡಿಎಕ್ಸ್‌ಸಿ ಕಾರ್ಡುಗಳದು ಎಕ್ಸ್‌ಫ್ಯಾಟ್. ಹಳೆಯ ಕ್ಯಾಮೆರಾಗಳಿಗೆ ಎರಡನೆಯದು ಅರ್ಥವಾಗುವುದಿಲ್ಲ. ಆದ್ದರಿಂದ ಸಣ್ಣ ಕಾರ್ಡೊಂದನ್ನು ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ, ಅದರಲ್ಲಿ ಫರ್ಮ್‌ವೇರ್ ಫೈಲನ್ನು ಮಾತ್ರ ಇಡುವುದು ಒಳ್ಳೆಯದು. ಫಾರ್ಮ್ಯಾಟಿಗೆ ಮುಂಚೆ ಚಿತ್ರಗಳನ್ನು ಬೇರೆ ಕಡೆ ಇಳಿಸಿಕೊಂಡಿರಬೇಕೆಂದು ಬೇರೆ ಹೇಳಬೇಕಿಲ್ಲ.

ಮಾದರಿಯ ಹೆಸರಿನಲ್ಲೂ ಗೊಂದಲವಿದೆ. ನಮ್ಮಲ್ಲಿ ಕ್ಯಾನನ್ 1500ಡಿ ಎಂದು ಮಾರಾಟವಾದ ಕ್ಯಾಮೆರಾ ಯುರೋಪಿನಲ್ಲಿ 2000ಡಿ, ಅಮೆರಿಕದಲ್ಲಿ ರೆಬೆಲ್ ಟಿ7. ಇನ್ನೊಂದೆಡೆ, ಒಂದೇ ಹೆಸರಿನ ಕ್ಯಾನನ್ 6ಡಿಯಲ್ಲಿ ವೈಫೈ ಇರುವುದಕ್ಕೂ ಇಲ್ಲದ್ದಕ್ಕೂ ಬೇರೆ ಬೇರೆ ಫೈಲು. ಕಂಪನಿಯ ಭಾರತದ ಜಾಲತಾಣದಲ್ಲಿ, ಕ್ಯಾಮೆರಾ ತಳದಲ್ಲಿ ಮುದ್ರಿಸಿರುವ ಮಾದರಿಯ ಹೆಸರನ್ನೇ ಹಾಕಿ ಹುಡುಕಿದರೆ ಈ ಗೋಜಲು ತಪ್ಪುತ್ತದೆ.

ಫೈಲು ಸಿಕ್ಕ ಮೇಲೂ ಕ್ಯಾಮೆರಾ ಅದನ್ನು ಸುಮ್ಮನೆ ನಂಬುವುದಿಲ್ಲ. ಫೈಲಿನ ಎಲ್ಲ ಅಂಕಿಗಳನ್ನು ಒಂದು ಸೂತ್ರಕ್ಕೆ ಹಾಕಿ ಬಂದ ಉತ್ತರವನ್ನು, ಫೈಲಿನೊಳಗೇ ಬರೆದಿಟ್ಟ ಉತ್ತರದ ಜೊತೆ ಹೋಲಿಸುತ್ತದೆ. ಇಳಿಸಿಕೊಳ್ಳುವಾಗ ನೆಟ್ ಕಡಿದು ಫೈಲು ಅರ್ಧವಾಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಜೊತೆಗೆ, ಫೈಲು ಕಂಪನಿಯಿಂದಲೇ ಬಂದದ್ದೇ ಎಂಬುದಕ್ಕೆ ಗುಪ್ತಲಿಪಿಯ ಗುರುತು ನೋಡುತ್ತದೆ. ಈ ಗುರುತು ದುರ್ಬಲವಾಗಿದ್ದರೆ ಏನಾಗಬಹುದು ಎಂಬುದನ್ನು ಚೆಕ್‌ಪಾಯಿಂಟ್ ಸಂಸ್ಥೆಯ ಸಂಶೋಧಕರು 2019ರ ಆಗಸ್ಟ್‌ನಲ್ಲಿ ಕ್ಯಾನನ್ 80ಡಿ ಇಟ್ಟುಕೊಂಡು ತೋರಿಸಿದರು. ಅವರು ಕೀಲಿಯನ್ನು ಪತ್ತೆಮಾಡಿ, ತಾವೇ ತಯಾರಿಸಿದ ಫರ್ಮ್‌ವೇರನ್ನು ವೈಫೈ ಮೂಲಕ ಕ್ಯಾಮೆರಾಗೆ ಒಪ್ಪಿಸಿ, ಕಾರ್ಡಿನ ಚಿತ್ರಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ಸಂದೇಶ ಮೂಡಿಸಿದರು. ಕ್ಯಾನನ್ ಆ ಲೋಪ ಮುಚ್ಚುವ ಫರ್ಮ್‌ವೇರ್ ಹೊರತಂದಿತು. ಯಾರೋ ಕಳಿಸಿದ ಫೈಲನ್ನು ಕ್ಯಾಮೆರಾಗೆ ಹಾಕಬಾರದು ಎಂಬ ಎಚ್ಚರಿಕೆಯ ಹಿಂದೆ ಇರುವುದು ಇದು.

ಎರಡನೆಯ ಘಟ್ಟ: ಅಳಿಸಿದೆ, ಇನ್ನೂ ಬರೆದಿಲ್ಲ

ನಿಜವಾದ ಅಪಾಯ ಇರುವುದು ಇಲ್ಲಿ. ಫರ್ಮ್‌ವೇರ್ ವಾಸ ಮಾಡುವುದು ಫ್ಲ್ಯಾಶ್ ಮೆಮೊರಿ ಎಂಬ ಚಿಪ್ಪಿನಲ್ಲಿ. ತೋಶಿಬಾದ ಫುಜಿಯೊ ಮಸುಒಕ 1984ರಲ್ಲಿ ಲೋಕದ ಮುಂದಿಟ್ಟ ಈ ಮೆಮೊರಿ, ಕರೆಂಟು ಹೋದರೂ ಬರೆದದ್ದನ್ನು ಉಳಿಸಿಕೊಳ್ಳುತ್ತದೆ. ಚಿಪ್ಪಿನೊಳಗೆ ನಿರೋಧಕ ಪದರದ ನಡುವೆ ಸಿಕ್ಕಿಸಿಟ್ಟ ಎಲೆಕ್ಟ್ರಾನುಗಳೇ ಅದರ ಬರವಣಿಗೆ. ಆದರೆ ಇದಕ್ಕೊಂದು ವಿಚಿತ್ರ ಕಟ್ಟುಪಾಡಿದೆ. ಬರೆಯುವಾಗ ಒಂದು ಎಂಬ ಅಂಕಿಯನ್ನು ಸೊನ್ನೆ ಮಾಡಬಹುದು, ಸೊನ್ನೆಯನ್ನು ಒಂದು ಮಾಡಲು ಬರುವುದಿಲ್ಲ. ಸೊನ್ನೆಯನ್ನು ಒಂದಕ್ಕೆ ತರಬೇಕಾದರೆ ಸಾವಿರಾರು ಅಂಕಿಗಳ ಇಡೀ ಬ್ಲಾಕನ್ನೇ ಒಟ್ಟಿಗೆ ಅಳಿಸಬೇಕು. ಒಂದು ಅಕ್ಷರವನ್ನಷ್ಟೇ ತಿದ್ದುವ ಅವಕಾಶ ಅಲ್ಲಿಲ್ಲ.

ಹಾಗಾಗಿ ಅಪ್‌ಡೇಟ್ ಎಂದರೆ ಹಳೆ ಹೆಂಚು ಇಳಿಸಿ ಹೊಸ ಹೆಂಚು ಹೊದಿಸುವ ಕೆಲಸ. ನಡುವೆ ಮನೆಗೆ ಮಾಡು ಇರದ ಹೊತ್ತೊಂದು ಇದ್ದೇ ಇರುತ್ತದೆ. ಆ ಹೊತ್ತಿನಲ್ಲಿ ಬ್ಯಾಟರಿ ಹೋದರೆ ಮಳೆ ಬಂದಂತೆ. ಜಾಣ ವಿನ್ಯಾಸಕಾರರು ಒಂದು ಮೂಲೆಯ ಹೆಂಚನ್ನು ಮಾತ್ರ ಎಂದೂ ಮುಟ್ಟುವುದಿಲ್ಲ. ಆ ಮೂಲೆಯಲ್ಲಿರುವುದು ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ. ಅದಕ್ಕೆ ಚಿತ್ರ ತೆಗೆಯಲು ಬಾರದು; ಕಾರ್ಡನ್ನು ಅಥವಾ ಯುಎಸ್‌ಬಿಯನ್ನು ಓದಿ, ಫರ್ಮ್‌ವೇರನ್ನು ಮತ್ತೆ ಬರೆಯುವಷ್ಟು ಬರುತ್ತದೆ. ಅದು ಉಳಿದಿದ್ದರೆ ಕ್ಯಾಮೆರಾ ಸತ್ತಿಲ್ಲ.

ತುಂಬಿದ ಬ್ಯಾಟರಿಗೆ ಕಂಪನಿಗಳು ಅಷ್ಟು ಹಟ ಹಿಡಿಯುವುದಕ್ಕೂ ಇದೇ ಕಾರಣ. ಫ್ಲ್ಯಾಶ್ ಚಿಪ್ಪಿಗೆ ಹೊರಗಿನಿಂದ ಸಿಗುವುದು ಕೆಲವೇ ವೋಲ್ಟ್. ಎಲೆಕ್ಟ್ರಾನುಗಳನ್ನು ಪದರದಾಚೆ ದಾಟಿಸಲು ಅದು ತನ್ನೊಳಗೇ ಅದನ್ನು 20 ವೋಲ್ಟಿನ ಆಸುಪಾಸಿಗೆ ಏರಿಸಿಕೊಳ್ಳುತ್ತದೆ. ಹಳೆಯ ಬ್ಯಾಟರಿ ಪರದೆಯ ಮೇಲೆ ಮೂರು ಗೆರೆ ತೋರಿಸಿದರೂ ಹೊರೆ ಬಿದ್ದ ಕೂಡಲೆ ಅದರ ವೋಲ್ಟೇಜ್ ಕುಸಿಯುತ್ತದೆ. ಅಪ್‌ಡೇಟಿನ ದಿನ ಮನೆಯಲ್ಲಿರುವ ಬ್ಯಾಟರಿಗಳ ಪೈಕಿ ಹೊಸದನ್ನೇ ಹಾಕಿ. ಕೇಬಲ್ಲಿನ ಮೂಲಕ ಕಂಪ್ಯೂಟರಿನಿಂದ ಅಪ್‌ಡೇಟ್ ಮಾಡುವ ಕ್ಯಾಮೆರಾ ಆದರೆ, ಕರೆಂಟು ಹೋಗಿಬರುವ ಮಳೆಗಾಲದ ಸಂಜೆ ಡೆಸ್ಕ್‌ಟಾಪ್ ಬೇಡ, ಚಾರ್ಜ್ ತುಂಬಿದ ಲ್ಯಾಪ್‌ಟಾಪೇ ಲೇಸು.

ಕೆಲಸ ಎಷ್ಟಾಯಿತೆಂದು ಪರದೆಯಲ್ಲಿ ತೋರಿಸುವ ಪಟ್ಟಿ ಅರ್ಧದಲ್ಲಿ ನಿಂತರೆ ಮೊದಲ ಮದ್ದು ಕಾಯುವುದು. ದೊಡ್ಡ ಬ್ಲಾಕುಗಳನ್ನು ಅಳಿಸುವಾಗ ಪಟ್ಟಿ ಕದಲದೆ ಇರುವುದು ಸಹಜ. ಕಂಪನಿ ಹೇಳಿದ ಸಮಯದ ಎರಡರಷ್ಟಾದರೂ ಹೋಗಲಿ. ಆ ಹೊತ್ತಿನಲ್ಲಿ ಗುಂಡಿ ಒತ್ತುವುದು, ಕಾರ್ಡಿನ ಮುಚ್ಚಳ ತೆಗೆಯುವುದು, ಲೆನ್ಸ್ ಕಳಚುವುದು ಬೇಡ. ಆಮೇಲೂ ಜೀವ ಕಾಣದಿದ್ದರೆ ಸ್ವಿಚ್ ಆರಿಸಿ, ಬ್ಯಾಟರಿ ಹೊರತೆಗೆದು, ಕೆಲವು ನಿಮಿಷ ಬಿಟ್ಟು, ತುಂಬಿದ ಬ್ಯಾಟರಿ ಹಾಕಿ ಮೊದಲಿನಿಂದ ಶುರುಮಾಡಿ. ಕಂಪ್ಯೂಟರಿನ ಮೂಲಕ ಅಪ್‌ಡೇಟ್ ಆಗುವ ಕ್ಯಾಮೆರಾಗಳಿಗೆ ಸೋನಿ ಹೇಳುವ ದಾರಿಯೂ ಹೆಚ್ಚುಕಡಿಮೆ ಇದೇ. ಗುಂಡಿ ಹಿಡಿದುಕೊಂಡೇ ಆನ್ ಮಾಡಿ ಅಪ್‌ಡೇಟಿಗೆ ಹೋಗುವ ಕ್ಯಾಮೆರಾಗಳೂ ಇವೆ: ಪೆಂಟಾಕ್ಸ್‌ನಲ್ಲಿ ಮೆನು ಗುಂಡಿ, ಫ್ಯೂಜಿಫಿಲ್ಮ್‌ನಲ್ಲಿ ಡಿಸ್ಪ್ಲೇ-ಬ್ಯಾಕ್ ಗುಂಡಿ. ಎಂದಿನ ಮೆನು ಏಳದಿದ್ದಾಗ ಈ ದಾರಿ ಒಮ್ಮೆ ನೋಡತಕ್ಕದ್ದು.

ಮೂರನೆಯ ಘಟ್ಟ: ಎದ್ದಿತು, ಆದರೆ ಮಂಕಾಗಿದೆ

ಹೊಸ ಫರ್ಮ್‌ವೇರ್ ಸರಿಯಾಗಿ ಕೂತಿದೆ, ಆದರೂ ಕ್ಯಾಮೆರಾ ಆನ್ ಆಗಿ ಆಫ್ ಆಗುತ್ತಿದೆ, ಅಥವಾ ಹ್ಯಾಂಗ್ ಆಗುತ್ತಿದೆ. ಇಲ್ಲಿ ತಪ್ಪು ಫರ್ಮ್‌ವೇರಿನದೇ ಆಗಿರಬೇಕೆಂದಿಲ್ಲ. ಅದು ಏಳುವಾಗ ಓದಲು ಹೋಗುವ ಬೇರೇನೋ ಕೆಟ್ಟಿರಬಹುದು.

ಇದಕ್ಕೆ ದೊಡ್ಡ ಉದಾಹರಣೆ ಮಂಗಳ ಗ್ರಹದಲ್ಲಿದೆ. 2004ರ ಜನವರಿಯಲ್ಲಿ ಅಲ್ಲಿಗಿಳಿದ ನಾಸಾದ ಸ್ಪಿರಿಟ್ ರೋವರ್ ಕೆಲವೇ ವಾರಗಳಲ್ಲಿ ಮಾತು ನಿಲ್ಲಿಸಿತು. ಅದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿತ್ತು. ಪ್ರೋಗ್ರಾಂ ಕೆಟ್ಟಿರಲಿಲ್ಲ. 256 ಎಂಬಿಯ ಫ್ಲ್ಯಾಶ್ ಮೆಮೊರಿಯಲ್ಲಿ ಫೈಲುಗಳು ಅತಿಯಾಗಿ ತುಂಬಿಕೊಂಡು, ಏಳುವಾಗ ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲು ಕಂಪ್ಯೂಟರಿನ ಬಳಿ ಜಾಗ ಸಾಲದಾಗಿತ್ತು. ಫ್ಲ್ಯಾಶನ್ನು ಮುಟ್ಟದೆ ಎದ್ದೇಳು ಎಂದು ಎಂಜಿನಿಯರುಗಳು ಭೂಮಿಯಿಂದ ಆಜ್ಞೆ ಕಳಿಸಿದರು. ರೋವರ್ ಎದ್ದಿತು, ಆಮೇಲೆ ಬೇಡದ ಫೈಲುಗಳನ್ನು ಅಳಿಸಿದರು.

ಮನೆಯ ಕ್ಯಾಮೆರಾಗೂ ಅದೇ ತರ್ಕ. ಕಾರ್ಡು ತೆಗೆದು, ಲೆನ್ಸ್ ಕಳಚಿ, ಬರೀ ಬಾಡಿಯನ್ನು ಆನ್ ಮಾಡಿ ನೋಡಿ. ಎದ್ದರೆ ಒಂದೊಂದನ್ನೇ ಸೇರಿಸುತ್ತ ಹೋಗಿ. ಎಲ್ಲಿ ಬೀಳುತ್ತದೋ ಅಲ್ಲೇ ತಂಟೆ. ಇಂದಿನ ಲೆನ್ಸಿಗೂ ಅದರದೇ ಚಿಪ್ಪು, ಅದರದೇ ಫರ್ಮ್‌ವೇರ್ ಉಂಟು. ಬಾಡಿ ಹೊಸ ಭಾಷೆ ಕಲಿತು, ಬೇರೆ ಕಂಪನಿಯ ಹಳೆಯ ಲೆನ್ಸು ಹಿಂದುಳಿದರೆ ಫೋಕಸ್ ತಡವರಿಸುತ್ತದೆ. ಆಗ ಅಪ್‌ಡೇಟ್ ಬೇಕಿರುವುದು ಲೆನ್ಸಿಗೆ. ಬ್ಯಾಟರಿಯೂ ಹಾಗೆಯೇ: 2013ರ ಕೊನೆಯ ಹೊತ್ತಿಗೆ ಡಿ3100, ಡಿ5100ನಂಥ ನಿಕಾನ್ ಕ್ಯಾಮೆರಾಗಳಿಗೆ ಹೊಸ ಫರ್ಮ್‌ವೇರ್ ಬಂದ ಮೇಲೆ ಬೇರೆ ಕಂಪನಿಗಳ ಬದಲಿ ಬ್ಯಾಟರಿಗಳು ಕೆಲಸ ಮಾಡುತ್ತಿಲ್ಲ ಎಂಬ ದೂರುಗಳೆದ್ದವು. ಹೊಂದಾಣಿಕೆಗಳನ್ನೆಲ್ಲ ಫ್ಯಾಕ್ಟರಿ ಸ್ಥಿತಿಗೆ ತರುವುದು ಇನ್ನೊಂದು ಮದ್ದು. ಹಳೆಯ ಆವೃತ್ತಿ ಬರೆದಿಟ್ಟ ಸೆಟ್ಟಿಂಗುಗಳು ಹೊಸದಕ್ಕೆ ಒಗ್ಗದೆ ಇರಬಹುದು.

ಕೆಲವೊಮ್ಮೆ ಫರ್ಮ್‌ವೇರೇ ಕೆಟ್ಟದ್ದಿರುತ್ತದೆ. 5ಡಿ ಮಾರ್ಕ್-2ಕ್ಕೆ 25 ಫ್ರೇಮು ತಂದ 2.0.3 ಆವೃತ್ತಿಯಲ್ಲಿ ಧ್ವನಿಮುದ್ರಣದ ದೋಷ ಕಂಡು ಕ್ಯಾನನ್ ಅದನ್ನು ವಾಪಸ್ ಪಡೆದು, ಅದೇ ತಿಂಗಳು 2.0.4 ಬಿಡುಗಡೆ ಮಾಡಬೇಕಾಯಿತು. ಹಳೆಯ ಆವೃತ್ತಿಗೆ ಹಿಂದಿರುಗಲು ಬಹಳಷ್ಟು ಕ್ಯಾಮೆರಾಗಳು ಬಿಡುವುದಿಲ್ಲ. ಆದ್ದರಿಂದ ಹೊಸ ಫರ್ಮ್‌ವೇರ್ ಬಂದ ದಿನವೇ ಹಾರಿಬೀಳುವುದಕ್ಕಿಂತ ಒಂದೆರಡು ವಾರ ಕಾಯುವುದು ಕ್ಷೇಮ. ಮದುವೆಯ ಶೂಟಿಂಗೋ ಏರೋ ಇಂಡಿಯಾವೋ ನಾಳೆ ಇದೆಯೆಂದರೆ ಇವತ್ತು ರಾತ್ರಿ ಖಂಡಿತ ಬೇಡ.

ಸರ್ವಿಸ್ ಸೆಂಟರಿನ ಬಾಗಿಲಲ್ಲಿ

ಇಷ್ಟಾದರೂ ಏಳದಿದ್ದರೆ ಸರ್ವಿಸ್ ಸೆಂಟರೇ ಗತಿ. ಹೋಗುವ ಮೊದಲು ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಮೊದಲಿದ್ದ ಆವೃತ್ತಿ, ಹಾಕಲು ಹೊರಟ ಆವೃತ್ತಿ, ಪಟ್ಟಿ ಎಲ್ಲಿ ನಿಂತಿತು, ಪರದೆಯ ಮೇಲೆ ಕೊನೆಗೆ ಕಂಡದ್ದೇನು. ಫೋನಿನಲ್ಲಿ ಪರದೆಯ ಒಂದು ಚಿತ್ರ ತೆಗೆದಿದ್ದರೆ ಇನ್ನೂ ಒಳ್ಳೆಯದು. ಘಟ್ಟ ತಿಳಿದರೆ ತಂತ್ರಜ್ಞರ ಅರ್ಧ ಕೆಲಸ ಮುಗಿದಂತೆ. ಎರಡನೆಯ ಘಟ್ಟದಲ್ಲಿ ನಿಂತ ಕ್ಯಾಮೆರಾದಲ್ಲಿ ಸುಟ್ಟುಹೋದ ಭಾಗ ಯಾವುದೂ ಇಲ್ಲದಿರಬಹುದು. ಚಿಪ್ಪಿನಲ್ಲಿ ಬರಹ ಅರ್ಧವಾಗಿದೆ ಅಷ್ಟೆ. ಕಂಪನಿಯ ಸಲಕರಣೆ ಇದ್ದವರು ಅದನ್ನು ಹೊರಗಿನಿಂದ ಮತ್ತೆ ಬರೆಯಬಲ್ಲರು.

ಆಂಡ್ರಾಯ್ಡ್ 2016ರಲ್ಲಿ, ಹೀಗೆ ನಡುವೆ ನಿಂತು ಕೈಕೊಡುವುದನ್ನು ಫೋನುಗಳಲ್ಲಿ ತಪ್ಪಿಸುವ ಉಪಾಯಕ್ಕೆ ದಾರಿ ಮಾಡಿಕೊಟ್ಟಿತು. ಈ ಏರ್ಪಾಡಿರುವ ಫೋನಿನಲ್ಲಿ ವ್ಯವಸ್ಥೆಯ ಎರಡು ಪ್ರತಿ ಇರುತ್ತವೆ. ಒಂದು ನಡೆಯುತ್ತಿರುವಾಗಲೇ ಇನ್ನೊಂದಕ್ಕೆ ಹೊಸದನ್ನು ಬರೆದು, ಅದು ಸರಿಯಾಗಿ ಎದ್ದರೆ ಮಾತ್ರ ಅದಕ್ಕೆ ದಾಟುತ್ತದೆ. ಏಳದಿದ್ದರೆ ಹಳೆಯದು ಇದ್ದೇ ಇದೆ. ಬೇಕಾಗುವುದು ಸ್ವಲ್ಪ ಹೆಚ್ಚು ಮೆಮೊರಿ. ಲಕ್ಷಾಂತರ ರೂಪಾಯಿಯ ಕ್ಯಾಮೆರಾ ಕೊಳ್ಳುವವರು ಇದನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಿದ್ದೂ, ಕೊಂಡ ವಸ್ತುವನ್ನು ದುರಸ್ತಿ ಮಾಡಿಸುವ ಮಾಹಿತಿ ಗ್ರಾಹಕರಿಗೆ ಸಿಗಲೆಂದೇ.

ಮದರ್‌ಬೋರ್ಡೇ ಬದಲಿಸಬೇಕು ಎಂದು ಎಸ್ಟಿಮೇಟ್ ಕೈಗೆ ಬಂದರೆ ಸಹಿ ಹಾಕುವ ಮೊದಲು ಒಂದು ಮಾತು ಕೇಳಿ: ಫರ್ಮ್‌ವೇರನ್ನು ಮತ್ತೆ ಬರೆದು ನೋಡಿದಿರಾ? ನೋಡಿದ್ದರೆ, ಯಾವ ಘಟ್ಟದಲ್ಲಿ ನಿಂತಿತು? ಎರಡಕ್ಕೂ ಉತ್ತರ ಸಿಕ್ಕ ಮೇಲೆ ಹಣ ಕೊಡುವ ವಿಚಾರ.