ಸೆಕೆಂಡಿಗೆ ಒಂದೂವರೆ ಕೋಟಿ ಪೊಟ್ಟಣಗಳು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಕಂಡವರಿಗೆ, ಗುಡ್ಡಗಳೆರಡರ ನಡುವೆ ಕಟ್ಟಿದ ಅದರ ಏರಿಯೂ ಸಿದ್ಧ, ಬಸವ ಎಂಬ ಹೆಸರಿನ ತೂಬುಗಳೂ ನೆನಪಿನಲ್ಲಿರಬಹುದು. ನಮ್ಮ ನಾಡಿನ ಕೆರೆಗಳಲ್ಲಿ ತೂಬಿನ ನೀರನ್ನು ಗದ್ದೆಗಳಿಗೆ ಹಂಚುವ ಅಧಿಕಾರವು ಪೂರ್ವದಿಂದಲೂ ನೀರಗಂಟಿಯದು. ಅವನನ್ನು ಕೇಳದೆ ರೈತನು ತೂಬಿಗೆ ಕೈಯಿಡುವಂತಿಲ್ಲ. ಗಣಕಯಂತ್ರದಲ್ಲಿಯೂ ಇಂಥ ನೀರಗಂಟಿಯೊಬ್ಬನಿರುವನು. ಅವನೇ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್.

ಜಾಲದಿಂದ ಬರುವ ಮಾಹಿತಿಯು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಜಾಲಕಾರ್ಡನ್ನು ಸೇರುವುದಷ್ಟೆ. ಕಾರ್ಡು ಅದನ್ನು ಸ್ಮೃತಿಯಲ್ಲಿರಿಸಿ ಸಂಸ್ಕಾರಕಕ್ಕೆ ಗಂಟೆ ಬಾರಿಸುವುದು. ಇದಕ್ಕೆ ಇಂಟರಪ್ಟ್ ಎಂದು ಹೆಸರು. ಆಗ ಕರ್ನೆಲಿನ ಚಾಲಕವು ಎದ್ದು, ಪೊಟ್ಟಣವನ್ನು ಪರೀಕ್ಷಿಸಿ, ಲೆಕ್ಕವಿಟ್ಟು, ಕೇಳಿದ ಕಾರ್ಯಕ್ರಮದ ಸ್ಮೃತಿಗೆ ಅದರ ನಕಲನ್ನು ಒಪ್ಪಿಸುವುದು. ದಿನನಿತ್ಯದ ಬಳಕೆಗೆ ಈ ಏರ್ಪಾಡು ಧಾರಾಳವಾಗಿ ಸಾಕು.

ವೇಗವು ಹೆಚ್ಚಿದಾಗ ಏನಾಗುವುದೆಂಬುದನ್ನು ಲೆಕ್ಕಹಾಕಿ ನೋಡೋಣ. ಈಥರ್ನೆಟ್ಟಿನ ಅತಿ ಚಿಕ್ಕ ಪೊಟ್ಟಣ 64 ಬೈಟುಗಳದು. ಮುನ್ಸೂಚನೆಗೆ 8, ನಡುವಣ ತೆರವಿಗೆ 12 ಕೂಡಿಸಿದರೆ 84 ಬೈಟು, ಅಂದರೆ 672 ಬಿಟ್ಟುಗಳು. ಸೆಕೆಂಡಿಗೆ 1,000 ಕೋಟಿ ಬಿಟ್ಟು ಸಾಗಿಸುವ ತಂತಿಯಲ್ಲಿ ಇಂಥವು ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಬರಬಲ್ಲವು. ಒಂದೊಂದಕ್ಕೂ ದೊರೆಯುವ ಕಾಲ 67 ನ್ಯಾನೊಸೆಕೆಂಡು ಮಾತ್ರ! ಅಷ್ಟರಲ್ಲಿ ಬೆಳಕು ಸೂಳೆಕೆರೆಯ ಏರಿಯ ಮೇಲೆ ಕೇವಲ 20 ಮೀಟರು ಸಾಗುವುದು; 3 ಗಿಗಾಹರ್ಟ್ಸ್ ಸಂಸ್ಕಾರಕವು 200 ಆವರ್ತಗಳನ್ನು ಮುಗಿಸುವುದು. ಮುಖ್ಯ ಸ್ಮೃತಿಗೆ ಒಮ್ಮೆ ಹೋಗಿಬರುವುದಕ್ಕೇ ಹೆಚ್ಚುಕಡಿಮೆ ಇಷ್ಟು ಕಾಲ ಬೇಕು. ಇನ್ನು ಗಂಟೆ, ಪರೀಕ್ಷೆ, ನಕಲುಗಳಿಗೆ ಎಡೆಯೆಲ್ಲಿ? ಒತ್ತಡ ಹೆಚ್ಚಿದಾಗ ಲಿನಕ್ಸ್ ಕರ್ನೆಲು ಗಂಟೆಯನ್ನು ನಿಲ್ಲಿಸಿ ತಾನೇ ಕಾರ್ಡನ್ನು ವಿಚಾರಿಸಿಕೊಳ್ಳುವುದೇನೋ ನಿಜ; ಆದರೂ ಉಳಿದ ವೆಚ್ಚಗಳು ತಪ್ಪುವುದಿಲ್ಲ.

ಆದುದರಿಂದ ಹುಟ್ಟಿದ ಉಪಾಯವು ಸಾಹಸದ್ದೇ ಸರಿ: ತೂಬನ್ನು ರೈತನಿಗೇ ಬಿಟ್ಟುಕೊಡುವುದು. ಕಾರ್ಯಕ್ರಮವು ಕರ್ನೆಲನ್ನು ಒಮ್ಮೆ ಮಾತ್ರ ಕೇಳಿ, ಕಾರ್ಡಿನ ನಿಯಂತ್ರಣಕೋಶಗಳನ್ನು ತನ್ನ ಸ್ಮೃತಿವಲಯಕ್ಕೆ ಸೇರಿಸಿಕೊಳ್ಳುವುದು. ಸ್ಮೃತಿಯಲ್ಲಿ ಉಂಗುರದಂತೆ ಸುತ್ತುವ ಒಂದು ಸಾಲನ್ನು ಏರ್ಪಡಿಸಿದರೆ, ಕಾರ್ಡು ಪೊಟ್ಟಣಗಳನ್ನು ನೇರವಾಗಿ ಅಲ್ಲಿಗೇ ತುಂಬುವುದು. ಕಾರ್ಯಕ್ರಮವು ಗಂಟೆಗೆ ಕಾಯದೆ, ಉಂಗುರವನ್ನು ಎಡೆಬಿಡದೆ ನೋಡುತ್ತ, ಸಿಕ್ಕಷ್ಟನ್ನು ಮೂವತ್ತೆರಡು ಮೂವತ್ತೆರಡರಂತೆ ಬಾಚಿಕೊಳ್ಳುವುದು. ನಕಲಿನ ಕೆಲಸವೇ ಇಲ್ಲ.

ಇಂಟೆಲ್ ಸಂಸ್ಥೆಯಲ್ಲಿ ಹುಟ್ಟಿ 2010ರಲ್ಲಿ ಹೊರಬಂದ ಡಿಪಿಡಿಕೆ ಈ ಮಾರ್ಗದ ಪ್ರಸಿದ್ಧ ಸಾಧನ. 2017ರಲ್ಲಿ ಅದು ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂದಿತು. ಅದರ ಅಭಿವರ್ಧಕರ ಸಮ್ಮೇಳನಗಳು 2018 ಹಾಗೂ 2019ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಜರುಗಿದುವು. ಪೀಸಾ ವಿಶ್ವವಿದ್ಯಾನಿಲಯದ ಲುಯಿಜಿ ರಿಝೋ ಅವರು ಮಧ್ಯಮಾರ್ಗವೊಂದನ್ನು ಹಿಡಿದರು. ಉಂಗುರದಂಥ ಸಾಲನ್ನು ಕಾರ್ಯಕ್ರಮದೊಡನೆ ಹಂಚಿಕೊಂಡರೂ ಕಾರ್ಡಿನ ಒಡೆತನವನ್ನು ಕರ್ನೆಲಿಗೇ ಉಳಿಸಿದ ಅವರ ನೆಟ್‌ಮ್ಯಾಪ್, 900 ಮೆಗಾಹರ್ಟ್ಸಿನ ಒಂದೇ ಸಂಸ್ಕಾರಕ ತಿರುಳಿನಿಂದ ತಂತಿಯ ಪೂರ್ಣವೇಗವನ್ನು ಮುಟ್ಟಿದುದನ್ನು 2012ರಲ್ಲಿ ತೋರಿಸಿಕೊಟ್ಟಿತು.

ನೀರಗಂಟಿಯನ್ನು ಬಿಟ್ಟುದರ ಬೆಲೆಯೂ ಉಂಟು. ಒಂದು ಪೊಟ್ಟಣವೂ ಬಾರದಿದ್ದಾಗಲೂ ಸಂಸ್ಕಾರಕದ ಒಂದು ತಿರುಳು ನೂರಕ್ಕೆ ನೂರರಷ್ಟು ದುಡಿಯುತ್ತ ವಿದ್ಯುತ್ತನ್ನು ನುಂಗುತ್ತಿರುವುದು. ಕಾರ್ಡು ಸ್ಮೃತಿಗೆ ನೇರವಾಗಿ ಬರೆಯುವುದರಿಂದ, ಕಾರ್ಯಕ್ರಮವು ತಪ್ಪು ವಿಳಾಸ ಕೊಟ್ಟರೆ ಬೇರೊಬ್ಬರ ಮಾಹಿತಿಯೇ ಅಳಿಸಿಹೋದೀತು. ಐಓಎಂಎಂಯು ಎಂಬ ಯಂತ್ರಾಂಗವನ್ನು ಕಾವಲಿಗಿಟ್ಟರೆ ಮಾತ್ರ ಈ ಭಯ ತಗ್ಗುವುದು. ನಮಗಂತೂ ಈ ಕಾವಲಿಲ್ಲದೆ ಮುಂದುವರಿಯುವುದು ಅವಿವೇಕವೆಂದೇ ತೋರುತ್ತದೆ.

ಒಳಗನ್ನು ಬಿಚ್ಚಿ ನೋಡಬೇಕೆನ್ನುವ ವಿದ್ಯಾರ್ಥಿಗಳು ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ರಚಿತವಾದ ಇಕ್ಸಿ ಎಂಬ ಚಾಲಕವನ್ನು ಓದಬಹುದು. ಸಿ ಭಾಷೆಯಲ್ಲಿ ಅದು ಸುಮಾರು ಸಾವಿರ ಪಂಕ್ತಿಗಳಷ್ಟೇ. ದುಬಾರಿ ಕಾರ್ಡು ಬೇಕಿಲ್ಲ. ಕಲ್ಪಿತ ಯಂತ್ರದೊಳಗಿನ ವರ್ಟಿಯೋ ಕಾರ್ಡಿನ ಮೇಲೂ ಅದು ನಡೆಯುವುದು. ಎಚ್ಚರಿಕೆಯ ಮಾತೊಂದು: ಯಂತ್ರದಲ್ಲಿರುವ ಏಕಮಾತ್ರ ಕಾರ್ಡನ್ನು ಕರ್ನೆಲಿನಿಂದ ಬಿಡಿಸಿಕೊಂಡರೆ ಅಂತರಜಾಲದ ಸಂಪರ್ಕವು ಆ ಕ್ಷಣವೇ ಕಡಿದುಹೋಗುವುದು. ಎರಡನೆಯ ಕಾರ್ಡೊಂದನ್ನು ಮೊದಲೇ ಅಳವಡಿಸಿಕೊಂಡಿರಬೇಕು.